ಒಂದೇ ದಿನದ ಸೋಲು



1934ರಲ್ಲಿ ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಗಳು ಮೈಸೂರು ಸಂಸ್ಥಾನಕ್ಕೆ ಸೇರಿದ್ದವು. ಸಂಸ್ಥಾನದ ಹೆಸರು ಹೊತ್ತ ಕ್ರಿಕೆಟ್ ತಂಡದ ಸೋಲು ಆ ಊರುಗಳ ಸೋಲೂ ಆಗಿದ್ದಿತು.

ಆ ವರ್ಷದ ನವೆಂಬರ್ 4ರಂದು ಮದರಾಸಿನ ಚೇಪಾಕ್ ಮೈದಾನದಲ್ಲಿ ರಣಜಿ ಪಂದ್ಯಾವಳಿಯ ಮೊತ್ತಮೊದಲ ಆಟ ನಡೆಯಿತು. ಮೈಸೂರಿನವರು ಮೊದಲು 48, ಮರಳಿ 59 ಓಟಗಳಿಗೆ ಉರುಳಿದರು. ಮದರಾಸಿನವರು ಒಮ್ಮೆ ಮಾತ್ರ ಆಡಿ ಗಳಿಸಿದ 130 ಓಟಗಳೇ ಸಾಕಾದವು. ರಾಮ್ ಸಿಂಗರೊಬ್ಬರೇ 11 ವಿಕೆಟ್ಟುಗಳನ್ನು ಕಿತ್ತರು. ಅಂದೇ ಆಟ ಮುಗಿಯಿತು.

ತಲೆತಗ್ಗಿಸಿದ ನಾಡು ದಾಂಡನ್ನು ಕೆಳಗಿಡಲಿಲ್ಲ. ಸಂಸ್ಥಾನವಳಿದು, 1973ರಲ್ಲಿ ನಾಡಿಗೆ ಕರ್ನಾಟಕವೆಂಬ ಹೆಸರಾಯಿತು. 1974ರಲ್ಲಿ ಪ್ರಸನ್ನರ ನಾಯಕತ್ವದಲ್ಲಿ ಅದೇ ಪಾರಿತೋಷಕವು ಮೊದಲ ಬಾರಿಗೆ ಮನೆಗೆ ಬಂದಿತು. ಆ ಗೆಲುವಿನ ಬೆಲೆಯನ್ನರಿಯಲು 48ನ್ನೂ 59ನ್ನೂ ನೆನೆಯಬೇಕು.