ಅಂಕಿಯೂ ಬೇಕು, ಮಾತೂ ಬೇಕು

(ಮನೆಮನೆ ಸಮೀಕ್ಷೆಗೆ ಹೊರಟ ಕಾರ್ಯಕರ್ತರ ತರಬೇತಿಯಲ್ಲಿ ಮಾಡಿದ ಭಾಷಣ)



ನಾಳೆಯಿಂದ ನೀವೆಲ್ಲ ಫಾರಂ ಹಿಡಿದು ಹಳ್ಳಿಗಳಿಗೆ ಹೊರಡುತ್ತೀರಿ. "ಸಿಸ್ಟರ್, ಫಾರಂ ತುಂಬಿದರೆ ಸಾಲದಾ? ಕೂತು ಮಾತಾಡೋದು ಯಾಕೆ?" ಎಂದು ನಿಮ್ಮಲ್ಲೊಬ್ಬರು ಕೇಳಿದರು. ಸಮಾಜಶಾಸ್ತ್ರದಲ್ಲಿ ಇದು ನೂರು ವರ್ಷದ ಹಿಂದಿನಿಂದಲೂ ನಡೆದಿರುವ ಚರ್ಚೆ.

ಫ್ರಾನ್ಸಿನ ಎಮಿಲ್ ದುರ್ಖೈಮ್ 1897ರಲ್ಲಿ ಆತ್ಮಹತ್ಯೆಯ ಬಗ್ಗೆ ಪುಸ್ತಕ ಬರೆದರು. ಅವರು ಯುರೋಪಿನ ಸರ್ಕಾರಿ ದಾಖಲೆಗಳ ಅಂಕಿಗಳನ್ನು ಹೋಲಿಸಿ ನೋಡಿದರು. ಕಥೋಲಿಕರಿಗಿಂತ ಪ್ರೊಟೆಸ್ಟೆಂಟರಲ್ಲಿ, ಸಂಸಾರಸ್ಥರಿಗಿಂತ ಒಂಟಿಯಾಗಿರುವವರಲ್ಲಿ ಪ್ರಮಾಣ ಹೆಚ್ಚು ಕಂಡಿತು. ಸಮಾಜದ ಬಂಧ ಸಡಿಲವಾದಲ್ಲಿ ಅಪಾಯ ಹೆಚ್ಚು ಎಂದರು. ಇದು ಬರೀ ಒಬ್ಬನ ದೌರ್ಬಲ್ಯವಲ್ಲ ಎಂದು ಅಂಕಿಗಳಿಂದಲೇ ತೋರಿಸಿದರು.

ಜರ್ಮನಿಯ ಮ್ಯಾಕ್ಸ್ ವೆಬರ್ ಬೇರೆ ದಾರಿ ಹಿಡಿದರು. ಮನುಷ್ಯ ತನ್ನ ನಡೆಗೆ ತಾನೇ ಕೊಡುವ ಅರ್ಥವನ್ನು ತಿಳಿಯಬೇಕು ಎಂಬುದು ಅವರ ವಾದ. ಮುಂದೆ 1967ರಲ್ಲಿ ಅಮೆರಿಕದ ಜ್ಯಾಕ್ ಡಗ್ಲಸ್ ದುರ್ಖೈಮರ ಅಂಕಿಗಳನ್ನೇ ಪ್ರಶ್ನಿಸಿದರು. ಸಾವಿನ ಕಾರಣ ಬರೆದವರು ಯಾರು? ಬಂಧುಬಳಗ ಗಟ್ಟಿಯಾಗಿರುವ ಕಡೆ ಮುಚ್ಚಿಡುವುದೂ ಹೆಚ್ಚಲ್ಲವೇ? ಒಂದು ಕಾಲದಲ್ಲಿ ನಮ್ಮ ಧರ್ಮಸಭೆ ಇಂಥ ಸಾವಿಗೆ ಅಂತ್ಯಸಂಸ್ಕಾರ ನಿರಾಕರಿಸುತ್ತಿತ್ತು. ಮನೆಯವರು ಮುಚ್ಚಿಡದೆ ಇನ್ನೇನು ಮಾಡಿಯಾರು?

ನನ್ನದೇ ತಪ್ಪೊಂದನ್ನು ಹೇಳುತ್ತೇನೆ. ಒಂದು ಮನೆಯಲ್ಲಿ ಮಗನ ಸಾವಿಗೆ ಕಾರಣ ಕೇಳಿದಾಗ "ಹೊಟ್ಟೆನೋವು" ಅಂದರು. ಹಾಗೇ ಬರೆದುಕೊಂಡು ಬಂದೆ. ಮೂರನೇ ಸಲ ಹೋದಾಗ ಆ ತಾಯಿಯ ಜೊತೆ ಅವರೆಕಾಯಿ ಸುಲಿಯುತ್ತಾ ಕೂತೆ. ಆಗ ಆಕೆ, "ಹೊಟ್ಟೆನೋವಲ್ಲ ಸಿಸ್ಟರಮ್ಮ, ಸಾಲ. ಪೊಲೀಸು, ಊರೋರ ಬಾಯಿ ಅಂತ ಹೆದ್ರಿ ಹಂಗೆ ಬರೆಸಿದ್ವಿ" ಅಂದರು. ಅಷ್ಟರಲ್ಲಿ ಪರಿಹಾರಕ್ಕೆ ಅರ್ಜಿ ಹಾಕುವ ಕಾಲ ಮೀರಿತ್ತು. ಎರಡು ಮಕ್ಕಳ ಆ ಸೊಸೆಗೆ ಏನೂ ಸಿಗಲಿಲ್ಲ. ನಾನು ಮೊದಲ ಸಲವೇ ಕೂತಿದ್ದರೆ ಎಂದು ಇವತ್ತಿಗೂ ಅನಿಸುತ್ತದೆ.

ಹಾಗಂತ ಫಾರಂ ಬೇಡ ಎನ್ನುತ್ತಿಲ್ಲ. ಒಂದು ಮನೆಯ ಕಥೆ ಹೇಳಿದರೆ ಅಧಿಕಾರಿಗಳು "ಅದು ಆ ಮನೆಯ ಸಮಾಚಾರ" ಅಂದುಬಿಡುತ್ತಾರೆ. ಹತ್ತು ಊರಿನ ಲೆಕ್ಕ ಮುಂದಿಟ್ಟರೆ ಕೇಳಲೇಬೇಕಾಗುತ್ತದೆ. ಆದರೆ ಜನರ ಮಾತು ಕೇಳದೆ ಬರೆದ ಲೆಕ್ಕವೇ ಸುಳ್ಳಾಗಬಹುದು.

ಆದ್ದರಿಂದ ಫಾರಂ ಪೂರ್ತಿ ತುಂಬಿ. ಅನುಮಾನ ಬಂದ ಮನೆಗೆ ಇನ್ನೊಮ್ಮೆ ಹೋಗಿ. ಪೆನ್ನು ಬದಿಗಿಟ್ಟು ಕೇಳಿ. ಅವರು ನಂಬಿ ಹೇಳಿದ್ದನ್ನು ಊರಲ್ಲಿ ಆಡಬೇಡಿ.