ಆ ವರದಿಯನ್ನ ಯಾರಿಂದ ಬಚ್ಚಿಡ್ತಿದ್ದೀವಿ?

ಯುದ್ಧದ ಬಗ್ಗೆ ಕನ್ನಡದಲ್ಲಿ ಯಾವ ಪುಸ್ತಕ ಓದಿದ್ದೀರಿ ಅಂತ ಯಾರನ್ನಾದರೂ ಕೇಳಿ ನೋಡಿ. ಹೆಚ್ಚಿನವರು ಹೇಳೋದು ಒಂದೇ ಹೆಸರು: 'ಹಿಮಾಲಯನ್ ಬ್ಲಂಡರ್'. ಬ್ರಿಗೇಡಿಯರ್ ಜೆ.ಪಿ. ದಳ್ವಿ 1969ರಲ್ಲಿ ಇಂಗ್ಲಿಷ್‌ನಲ್ಲಿ ಬರೆದ ಪುಸ್ತಕ ಅದು. ರವಿ ಬೆಳಗೆರೆ ಕನ್ನಡಕ್ಕೆ ತಂದರು. ಸೈನ್ಯಕ್ಕೂ ನಮಗೂ ಸಂಬಂಧವೇ ಇಲ್ಲ ಅಂದುಕೊಂಡಿದ್ದ ಮನೆಗಳಿಗೂ ಆ ಪುಸ್ತಕ ಹೋಯಿತು.

ದಳ್ವಿ ಏನು ಬರೆದರು? 1962ರ ಅಕ್ಟೋಬರ್‌ನಲ್ಲಿ ಅವರು 7ನೇ ಬ್ರಿಗೇಡ್‌ನ ಕಮಾಂಡರ್. ಈಗಿನ ಅರುಣಾಚಲದ ನಮ್ಕಾ ಚು ಅನ್ನೋ ಹೊಳೆಯ ದಡದಲ್ಲಿ ಅವರ ಸೈನಿಕರನ್ನ ನಿಲ್ಲಿಸಲಾಗಿತ್ತು. ಹಿಮಾಲಯದ ಚಳಿ, ಮೈಮೇಲೆ ಹತ್ತಿ ಬಟ್ಟೆ, ಕೈಯಲ್ಲಿ ಹಳೇ ರೈಫಲ್, ಎಣಿಸಿ ಕೊಟ್ಟ ಗುಂಡುಗಳು. ಎದುರುಗಡೆ ಎತ್ತರದ ಜಾಗವೆಲ್ಲ ಚೀನಿಯರದ್ದು. ಈ ಜಾಗದಲ್ಲಿ ನಿಂತು ಹೋರಾಡೋಕೆ ಆಗಲ್ಲ ಅಂತ ಸ್ಥಳದಲ್ಲಿದ್ದ ಅಧಿಕಾರಿಗಳು ಹೇಳಿದರು. ದೆಹಲಿ ಕೇಳಲಿಲ್ಲ. ಅಕ್ಟೋಬರ್ 12ರಂದು ಪ್ರಧಾನಿ ನೆಹರು, ಚೀನಿಯರನ್ನ ಹೊರಹಾಕಲು ಸೈನ್ಯಕ್ಕೆ ಹೇಳಿದ್ದೇನೆ ಅಂತ ಪತ್ರಕರ್ತರ ಮುಂದೆಯೇ ಹೇಳಿಬಿಟ್ಟರು. ಕೋರ್ ಕಮಾಂಡರ್ ಜನರಲ್ ಕೌಲ್ ಕಾಯಿಲೆ ಬಿದ್ದು ದೆಹಲಿಗೆ ಬಂದರು, ಹಾಸಿಗೆಯಿಂದಲೇ ಆದೇಶ ಕೊಡ್ತಿದ್ದರು. 20ರ ಬೆಳಗ್ಗೆ ಚೀನಾ ದಾಳಿ ಮಾಡಿತು. ಕೆಲವೇ ಗಂಟೆಗಳಲ್ಲಿ ಬ್ರಿಗೇಡ್ ಮುಗಿದುಹೋಯಿತು. ಎರಡು ದಿನದ ನಂತರ ದಳ್ವಿ ಸೆರೆ ಸಿಕ್ಕರು. ವಾಪಸ್ ಬಂದದ್ದು ಮುಂದಿನ ವರ್ಷದ ಮೇ ತಿಂಗಳಲ್ಲಿ.

ಇದು ದಳ್ವಿ ಕಂಡದ್ದು. ಆದರೆ ಒಬ್ಬರ ಮಾತು ಕೇಳಿ ತೀರ್ಪು ಕೊಡೋಕಾಗಲ್ಲ ಅಲ್ವಾ? ಕೌಲ್ 1967ರಲ್ಲೇ ತಮ್ಮ ಪುಸ್ತಕ ಬರೆದು ತಮ್ಮನ್ನ ತಾವು ಸಮರ್ಥಿಸಿಕೊಂಡಿದ್ದರು. ಗುಪ್ತಚರ ದಳದ ಮುಖ್ಯಸ್ಥರಾಗಿದ್ದ ಮಲಿಕ್ ತಮ್ಮದೊಂದು ಬರೆದರು. ಬ್ರಿಟಿಷ್ ಪತ್ರಕರ್ತ ನೆವಿಲ್ ಮ್ಯಾಕ್ಸ್‌ವೆಲ್ 1970ರಲ್ಲಿ ಪುಸ್ತಕ ಬರೆದು, ತಪ್ಪೆಲ್ಲ ಭಾರತದ್ದೇ ಅನ್ನೋ ಧಾಟಿಯಲ್ಲಿ ವಾದ ಮಾಡಿದರು. ಎಲ್ಲರ ಕೈಯಲ್ಲೂ ಪೆನ್ ಇತ್ತು, ಎಲ್ಲರಿಗೂ ಉಳಿಸಿಕೊಳ್ಳಬೇಕಾದ ಹೆಸರೂ ಇತ್ತು.

ಹಾಗಾದರೆ ಇವರೆಲ್ಲರ ಮಾತನ್ನ ತಾಳೆ ನೋಡೋಕೆ ಒಂದು ದಾಖಲೆ ಬೇಕು. ಅದು ಇದೆ ಸ್ವಾಮಿ! ಯುದ್ಧ ಮುಗಿದ ಮೇಲೆ ಸೇನೆಯೇ ತನಿಖೆ ಮಾಡಿಸಿತು. ಲೆಫ್ಟಿನೆಂಟ್ ಜನರಲ್ ಹೆಂಡರ್ಸನ್ ಬ್ರೂಕ್ಸ್ ಮತ್ತು ವಿಕ್ಟೋರಿಯಾ ಕ್ರಾಸ್ ಪಡೆದಿದ್ದ ಬ್ರಿಗೇಡಿಯರ್ ಪಿ.ಎಸ್. ಭಗತ್ ಕೂತು 1963ರಲ್ಲಿ ವರದಿ ಕೊಟ್ಟರು. ಆ ಸೆಪ್ಟೆಂಬರ್‌ನಲ್ಲಿ ರಕ್ಷಣಾ ಸಚಿವ ಯಶವಂತರಾವ್ ಚವಾಣ್ ಸಂಸತ್ತಿನಲ್ಲಿ ಅದರ ಸಾರ ಮಾತ್ರ ಹೇಳಿದರು. ವರದಿ ಕಪಾಟು ಸೇರಿತು. ಬೀಗ ಬಿತ್ತು.

ಬೀಗ ಹಾಕಿದವರು ಒಂದು ಪಕ್ಷದವರಾದರೆ, ಅದನ್ನ ಕಾಯ್ತಿರೋರು ಎಲ್ಲ ಪಕ್ಷದವರು. ಹಿರಿಯ ಪತ್ರಕರ್ತ ಕುಲದೀಪ್ ನಯ್ಯರ್ ಮಾಹಿತಿ ಹಕ್ಕಿನಡಿ ಕೇಳಿದರು, 2010ರಲ್ಲಿ ಮಾಹಿತಿ ಆಯೋಗ ಕೊಡಲ್ಲ ಅಂದಿತು. ಅದೇ ವರ್ಷ ರಕ್ಷಣಾ ಸಚಿವ ಆಂಟನಿ, ಇದು ತೀರಾ ಸೂಕ್ಷ್ಮ, ಇವತ್ತಿನ ಕಾರ್ಯಾಚರಣೆಗೂ ಸಂಬಂಧಪಟ್ಟದ್ದು ಅಂದರು. 2014ರ ಮಾರ್ಚ್‌ನಲ್ಲಿ ವಿರೋಧ ಪಕ್ಷದಲ್ಲಿದ್ದ ಅರುಣ್ ಜೇಟ್ಲಿ, ಇಷ್ಟು ಹಳೇ ದಾಖಲೆಯನ್ನ ಎಷ್ಟು ದಿನ ಮುಚ್ಚಿಡ್ತೀರಿ ಅಂತ ಪ್ರಶ್ನಿಸಿದರು. ಜುಲೈ ಹೊತ್ತಿಗೆ ಅವರೇ ರಕ್ಷಣಾ ಸಚಿವರು. ರಾಜ್ಯಸಭೆಗೆ ಕೊಟ್ಟ ಉತ್ತರ ಏನು ಗೊತ್ತಾ? ಬಹಿರಂಗ ಮಾಡೋದು ದೇಶದ ಹಿತಕ್ಕೆ ಒಳ್ಳೇದಲ್ಲ! ನಾಲ್ಕು ತಿಂಗಳಲ್ಲಿ ಬದಲಾದದ್ದು ವರದಿಯಲ್ಲ, ಕುರ್ಚಿ.

ಈಗ ಇನ್ನೊಂದು ತಮಾಷೆ ಕೇಳಿ. 2014ರಲ್ಲೇ ಅದೇ ಮ್ಯಾಕ್ಸ್‌ವೆಲ್ ಈ ವರದಿಯ ಮೊದಲ ಸಂಪುಟದ ನೂರಕ್ಕೂ ಹೆಚ್ಚು ಪುಟಗಳನ್ನ ಇಂಟರ್‌ನೆಟ್‌ಗೆ ಹಾಕಿಬಿಟ್ಟರು. ಅಂದರೆ ಬೀಜಿಂಗ್‌ನಲ್ಲಿ ಕೂತಿರೋ ಜನರಲ್‌ಗೆ ಅದು ಸಿಗುತ್ತೆ. ನಮ್ಕಾ ಚುನಲ್ಲಿ ಸತ್ತ ಸೈನಿಕನ ಮೊಮ್ಮಗ ಸರ್ಕಾರಕ್ಕೆ ಅರ್ಜಿ ಹಾಕಿ ಕೇಳಿದರೆ, ಗೌಪ್ಯ ಅಂತಾರೆ. ಹಾಗಾದರೆ ಇದನ್ನ ಯಾರಿಂದ ಬಚ್ಚಿಡ್ತಿದ್ದೀವಿ?

ನಾನು ಓದಿದ್ದು ಇಂಜಿನಿಯರಿಂಗ್. ಅಲ್ಲಿ ಒಂದು ಪಾಠ ಮೊದಲೇ ಕಲಿಸ್ತಾರೆ: ಏನಾದರೂ ಮುರಿದುಬಿದ್ದರೆ, ಅದು ಯಾಕೆ ಮುರೀತು ಅನ್ನೋದನ್ನ ಬರೆದಿಡಿ, ಮುಂದಿನವನು ಓದೋ ಹಾಗೆ ಬರೆದಿಡಿ. 2010ರ ಮೇ 22, ಮಂಗಳೂರು ವಿಮಾನ ದುರಂತ ನೆನಪಿದೆ ತಾನೆ? 158 ಜನ ಹೋದರು. ಏರ್ ಮಾರ್ಷಲ್ ಗೋಖಲೆ ನೇತೃತ್ವದಲ್ಲಿ ತನಿಖೆ ಆಯಿತು. ವಿಮಾನ ಸರಿಯಾದ ಸ್ಥಿತಿಯಲ್ಲಿ ಇಳೀತಾ ಇರಲಿಲ್ಲ, ಆದರೂ ಕ್ಯಾಪ್ಟನ್ ಲ್ಯಾಂಡಿಂಗ್ ಕೈಬಿಡಲಿಲ್ಲ ಅಂತ ವರದಿ ಸ್ಪಷ್ಟವಾಗಿ ಹೇಳಿತು. ಅದು ಪ್ರಕಟವೂ ಆಯಿತು. ಅದರಿಂದ ಪೈಲಟ್‌ಗಳ ಮಾನ ಹೋಗಲಿಲ್ಲ. ಹೊಸ ಪೈಲಟ್‌ಗೆ ಅದು ಪಾಠ. 1962ರಲ್ಲಿ ಸರ್ಕಾರದ ಲೆಕ್ಕದಲ್ಲೇ 1,383 ಯೋಧರು ಸತ್ತರು, ಸುಮಾರು 1,700 ಮಂದಿ ನಾಪತ್ತೆಯಾದರು. ಅವರಿಗೆ ಸಂಬಂಧಪಟ್ಟ ವರದಿ ಯಾರಿಗೆ ಪಾಠ ಆಯ್ತು?

ಸೈನ್ಯದ ವಿಷಯ ಬೇರೆ, ಶತ್ರು ಓದ್ತಾನೆ ಅಂತೀರಾ? ಒಪ್ಪೋಣ. ಅದೇ ಗಡಿ, ಅದೇ ಬೆಟ್ಟ, ಅದೇ ಎದುರಾಳಿ. ಇವತ್ತಿಗೂ ಲೆಕ್ಕಕ್ಕೆ ಬರೋ ಮಾಹಿತಿ ಒಂದಿಷ್ಟು ಅದರಲ್ಲಿ ಇರಬಹುದು. ಆದರೆ ಇದಕ್ಕೆ ದಾರಿಯನ್ನ ನಾವೇ ಕಂಡುಕೊಂಡಿದ್ದೀವಿ. 1999ರ ಜುಲೈ 26ಕ್ಕೆ ಕಾರ್ಗಿಲ್ ಯುದ್ಧ ಮುಗೀತು. ಮೂರೇ ದಿನದಲ್ಲಿ ವಾಜಪೇಯಿ ಸರ್ಕಾರ ಕೆ. ಸುಬ್ರಹ್ಮಣ್ಯಂ ಅಧ್ಯಕ್ಷತೆಯಲ್ಲಿ ಸಮಿತಿ ಮಾಡಿತು. ಈಗಿನ ವಿದೇಶಾಂಗ ಸಚಿವ ಜೈಶಂಕರ್ ಅವರ ತಂದೆ ಅವರು. 2000ದ ಫೆಬ್ರವರಿಯಲ್ಲಿ ವರದಿ ಸಂಸತ್ತಿನ ಮುಂದೆ ಬಂತು, ಪುಸ್ತಕವಾಗಿ ಅಂಗಡಿಗೂ ಬಂತು. ಸೂಕ್ಷ್ಮ ಅನ್ನಿಸಿದ ಭಾಗಗಳನ್ನ ತೆಗೆದು ಉಳಿದದ್ದನ್ನ ಕೊಟ್ಟರು. ದೇಶ ಮುಳುಗಲಿಲ್ಲ. ಅದರ ಬೆನ್ನಿಗೇ ಸಚಿವರ ತಂಡ ಕೂತು, ಮೂರೂ ಪಡೆಗಳಿಗೆ ಸೇರಿ ಒಬ್ಬ ಮುಖ್ಯಸ್ಥ ಬೇಕು ಅಂತ ಶಿಫಾರಸು ಮಾಡಿತು. ಅದು ಜಾರಿಗೆ ಬರೋ ಹೊತ್ತಿಗೆ 2020 ಆಯಿತು ಅನ್ನಿ. ವರದಿ ಜನರ ಕಣ್ಣ ಮುಂದೆ ಇದ್ದದ್ದಕ್ಕೇ ಅಷ್ಟು ವರ್ಷ ಆ ಪ್ರಶ್ನೆಯನ್ನ ಕೇಳ್ತಾ ಇರೋಕೆ ಸಾಧ್ಯವಾಯಿತು.

2021ರ ಜೂನ್‌ನಲ್ಲಿ ರಕ್ಷಣಾ ಇಲಾಖೆಯೇ ಒಂದು ನೀತಿ ತಂದಿದೆ. ಯುದ್ಧದ ದಾಖಲೆಗಳನ್ನ ಸಾಮಾನ್ಯವಾಗಿ 25 ವರ್ಷದಲ್ಲಿ ಬಹಿರಂಗ ಮಾಡಬೇಕು, ಯುದ್ಧದ ಇತಿಹಾಸ ಬರೆಸಬೇಕು ಅಂತ. ಒಳ್ಳೇ ನೀತಿ. 1962ಕ್ಕೆ 25 ವರ್ಷ ತುಂಬಿದ್ದು 1987ರಲ್ಲಿ!

ಇದು ಹಳೇ ಕಥೆ ಅಂತ ಚಾನೆಲ್ ಬದಲಾಯಿಸಬೇಡಿ. 2020ರಲ್ಲಿ ಗಾಲ್ವಾನ್ ಕಣಿವೆಯಲ್ಲಿ 20 ಯೋಧರನ್ನ ಕಳಕೊಂಡೆವು. ಆಗ ಸೇನಾ ಮುಖ್ಯಸ್ಥರಾಗಿದ್ದ ಜನರಲ್ ನರವಣೆ ಅವರ ಆತ್ಮಕಥೆ 2024ರ ಆರಂಭದಲ್ಲಿ ಬರಬೇಕಿತ್ತು. ಪರಿಶೀಲನೆಗೆ ಅಂತ ಹೋಗಿ ನಿಂತುಬಿಟ್ಟಿತು. ಮತ್ತದೇ ಕಪಾಟು, ಮತ್ತದೇ ಬೀಗ.

ದಾಖಲೆ ಇಲ್ಲದ ಕಡೆ ಏನು ಬೆಳೆಯುತ್ತೆ ಅನ್ನೋದು ನಿಮ್ಮ ವಾಟ್ಸಾಪ್ ಗ್ರೂಪ್ ನೋಡಿದರೆ ಗೊತ್ತಾಗುತ್ತೆ. ಒಬ್ಬನಿಗೆ ಎಲ್ಲ ನೆಹರು ತಪ್ಪು, ಇನ್ನೊಬ್ಬನಿಗೆ ನೆಹರು ತಪ್ಪೇ ಮಾಡಿಲ್ಲ. ಇಬ್ಬರೂ ವರದಿ ಓದಿಲ್ಲ. ಆ ಹತ್ತಿ ಬಟ್ಟೆ ಕೊಟ್ಟು ಕಳಿಸಿದವರು ಯಾರು, ಆಗಲ್ಲ ಅಂದ ಅಧಿಕಾರಿಯ ಮಾತನ್ನ ಯಾವ ಮೇಜಿನ ಮೇಲೆ ತಡೆದರು ಅನ್ನೋದು ಇಬ್ಬರಿಗೂ ಬೇಕಿಲ್ಲ.

ದಳ್ವಿ ಪುಸ್ತಕ ಓದಿ. ಕಾರ್ಗಿಲ್ ವರದಿ ಓದಿ. ಆಮೇಲೆ ನಿಮ್ಮ ಸಂಸದರು ಓಟು ಕೇಳೋಕೆ ಬಂದಾಗ, ರಸ್ತೆ, ನೀರು ಕೇಳಿ ಮುಗಿಸಿದ ಮೇಲೆ ಇದನ್ನೂ ಕೇಳಿ: 1963ರ ಆ ವರದಿಯಲ್ಲಿ ಇವತ್ತಿಗೂ ಮುಚ್ಚಿಡಬೇಕಾದ ಪುಟ ಎಷ್ಟಿವೆಯೋ ಅಷ್ಟನ್ನ ಮುಚ್ಚಿಟ್ಟು, ಉಳಿದದ್ದನ್ನ ಕೊಡೋಕೆ ನಿಮಗೇನು ಕಷ್ಟ?