ಒಂದು ಎಕರೆಯ ನಿರ್ಧಾರ



ಶತಮಾನೋತ್ಸವದ ಈ ಶುಭ ಸಂದರ್ಭದಲ್ಲಿ ಶಾಲೆಯ ಹಿರಿಮೆಯನ್ನು ಕುರಿತು ಅನೇಕರು ಮಾತನಾಡಿದ್ದಾರೆ. ನಾವು ಇಲ್ಲಿಗೆ ಮಕ್ಕಳನ್ನು ಕಳುಹಿಸುವ ತಾಯಂದಿರನ್ನು ಕುರಿತು ಕೆಲವು ಮಾತುಗಳನ್ನು ಅರಿಕೆ ಮಾಡಿಕೊಳ್ಳಲು ಬಯಸುತ್ತೇವೆ.

ಮಗುವಿನ ಹೆಸರು ದಾಖಲಿಸುವಾಗ ತಂದೆಯ ಉದ್ಯೋಗ ‘ಒಕ್ಕಲುತನ’ ಎಂದೂ ತಾಯಿಯ ಉದ್ಯೋಗ ‘ಮನೆಗೆಲಸ’ ಎಂದೂ ಬರೆಸುವುದು ನಮ್ಮ ಭಾಗದ ರೂಢಿ. ಆದರೆ ಬೀಜ ಹಸನು ಮಾಡುವವಳು, ಕಳೆ ತೆಗೆಯುವವಳು, ಕಡಲೆ ಕೀಳುವವಳು, ಎಮ್ಮೆಗೆ ಮೇವು ಹೊರುವವಳು ಅವಳೇ. ದೇಶದ ಗ್ರಾಮೀಣ ದುಡಿಯುವ ಮಹಿಳೆಯರಲ್ಲಿ ನಾಲ್ವರಲ್ಲಿ ಮೂವರು ಕೃಷಿಯಲ್ಲಿದ್ದಾರೆ. ಹಾಗಿದ್ದೂ 2015-16ರ ಕೃಷಿ ಗಣತಿಯಂತೆ ಮಹಿಳೆಯರು ನಡೆಸುವ ಹಿಡುವಳಿಗಳು ಸುಮಾರು ಶೇ. 14 ಮಾತ್ರ. ದುಡಿಮೆ ಅವಳದು, ಏನು ಬಿತ್ತಬೇಕೆಂಬ ನಿರ್ಧಾರ ಅವಳದಲ್ಲ. ನಮ್ಮ ಮಾತಿನ ತಿರುಳು ಇಷ್ಟೇ: ಹೊಲದಲ್ಲಿ ಯಾರು ನಿರ್ಧರಿಸುತ್ತಾರೆ ಎಂಬುದು ಮಗುವಿನ ತಟ್ಟೆಯಲ್ಲಿ ಕಾಣಿಸುತ್ತದೆ.

ಉದಗೀರ, ನಿಲಂಗಾ ತಾಲೂಕುಗಳು 1956ರವರೆಗೆ ಬೀದರ ಜಿಲ್ಲೆಯಲ್ಲಿದ್ದವು. ರಾಜ್ಯದ ಗಡಿ ಸರಿದರೂ ಊಟದ ರುಚಿ ಬದಲಾಗಲಿಲ್ಲ. ನಾವು ಎಳ್ಳಮಾವಾಸ್ಯೆ ಎನ್ನುವುದನ್ನು ಮರಾಠಿ ನೆರೆಯವರು ವೇಳ ಅಮಾವಾಸ್ಯೆ ಎನ್ನುತ್ತಾರೆ. ಚರಗ ಚೆಲ್ಲಿದ ಮೇಲೆ ಇಬ್ಬರ ಹೊಲದಲ್ಲೂ ಅದೇ ಭಜ್ಜಿ, ಅದೇ ಅಂಬಲಿ, ಅದೇ ಸಜ್ಜೆ ರೊಟ್ಟಿ. ಭಜ್ಜಿಗೆ ಬೀಳುವ ಹಸಿ ತೊಗರಿ, ಹಸಿ ಕಡಲೆ, ಅವರೆ, ಶೇಂಗಾ, ಮೆಂತೆ ಪಲ್ಲೆ ಹಿಂದೆ ಬಹುಪಾಲು ಮನೆಯ ಹೊಲದವೇ. ಇಂದು ಮುಂಗಾರಿಗೆ ಸೋಯಾಬೀನ್, ನೀರಿದ್ದಲ್ಲಿ ಕಬ್ಬು. ಭಜ್ಜಿಯ ಕಾಳುಪಲ್ಲೆ ಸಂತೆಯಿಂದ ಬರುವ ಮನೆಗಳು ಹೆಚ್ಚುತ್ತಿವೆ. ಸಂತೆಯಿಂದ ಕೊಂಡದ್ದನ್ನು ಅಳೆದು ಬಡಿಸಬೇಕಾಗುತ್ತದೆ. ಅಳತೆ ಕಡಿಮೆಯಾದಾಗ ಕೊನೆಗೆ ಉಣ್ಣುವವಳ ಪಾಲೇ ಮೊದಲು ಕಡಿಮೆಯಾಗುತ್ತದೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಮಹಾರಾಷ್ಟ್ರದ 15ರಿಂದ 49 ವಯಸ್ಸಿನ ಮಹಿಳೆಯರಲ್ಲಿ ಸುಮಾರು ಶೇ. 54 ಜನರಿಗೆ ರಕ್ತಹೀನತೆ ಇದೆ. ಅನ್ನ ಬೆಳೆಯುವವಳೇ ಸೊರಗುವುದು ಎಂತಹ ನ್ಯಾಯ?

ಇದಕ್ಕೆ ಪರಿಹಾರದ ಒಂದು ದಾರಿಯನ್ನು ನಮ್ಮ ನೆರೆಹೊರೆಯ ಹೆಂಗಸರೇ ತೋರಿಸಿದ್ದಾರೆ. 1993ರ ಸೆಪ್ಟೆಂಬರ್ 30ರ ನಸುಕಿನ ಕಿಲ್ಲಾರಿ ಭೂಕಂಪವನ್ನು ಇಲ್ಲಿಯ ಹಿರಿಯರಿಗೆ ನೆನಪಿಸಬೇಕಾಗಿಲ್ಲ. ಮನೆಗಳನ್ನು ಮತ್ತೆ ಕಟ್ಟುವ ಕಾರ್ಯದಲ್ಲಿ ಹಳ್ಳಿಯ ಮಹಿಳೆಯರನ್ನು ಮುಂದೆ ತಂದ ಸಂಸ್ಥೆಗಳಲ್ಲಿ ಪ್ರೇಮಾ ಗೋಪಾಲನ್ ಅವರು ಸ್ಥಾಪಿಸಿದ ಸ್ವಯಂ ಶಿಕ್ಷಣ ಪ್ರಯೋಗವೂ ಒಂದು. ಮುಂದೆ ಬರ ಬಂತು. 2016ರಲ್ಲಿ ಮೀರಜದಿಂದ ಲಾತೂರಿಗೆ ರೈಲಿನಲ್ಲಿ ಕುಡಿಯುವ ನೀರು ತರಬೇಕಾದ ಸ್ಥಿತಿ ಒದಗಿತು. ಅಂತಹ ಬರದ ನಾಡಿನಲ್ಲಿ ಈ ಸಂಸ್ಥೆಯ ಮಹಿಳೆಯರು ‘ಒಂದು ಎಕರೆ ಮಾದರಿ’ಯನ್ನು ಬೆಳೆಸಿದರು. ಕುಟುಂಬದ ಭೂಮಿಯಲ್ಲಿ ಅರ್ಧ ಅಥವಾ ಒಂದು ಎಕರೆಯನ್ನು ಮನೆಯೊಡತಿಯ ತೀರ್ಮಾನಕ್ಕೆ ಬಿಡುವುದು. ಅದರಲ್ಲಿ ಧಾನ್ಯ, ಕಾಳು, ಕಾಯಿಪಲ್ಲೆಗಳನ್ನು ಕೂಡಿಸಿ ಬೆಳೆಯುವುದು. ಎರೆಗೊಬ್ಬರದಂತಹ ಮನೆಯ ಗೊಬ್ಬರ ಬಳಸುವುದು. ಮೊದಲು ಮನೆಗೆ, ಮಿಕ್ಕಿದ್ದು ಮಾರಾಟಕ್ಕೆ. ತುಳಜಾಪುರ ತಾಲೂಕಿನ ಗಂಧೋರಾ ಗ್ರಾಮದ ಗೋದಾವರಿ ಡಾಂಗೆಯವರು ಈ ಕಾರ್ಯದ ಮುಂದಾಳುಗಳಾಗಿ ಹೊರದೇಶಗಳಲ್ಲೂ ಪರಿಚಿತರಾದರು. 2016ರಲ್ಲಿ ಸಂಸ್ಥೆಗೆ ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮದ ಈಕ್ವೇಟರ್ ಪ್ರಶಸ್ತಿ ಸಂದಿತು.

ಈ ಮಾದರಿಯಲ್ಲಿ ಮಾಟವೇನೂ ಇಲ್ಲ. ನಮ್ಮ ಅಜ್ಜಿಯಂದಿರ ಅಕ್ಕಡಿ ಸಾಲಿನ ಬುದ್ಧಿಯೇ ಇದೆ. ಮೆಂತೆ ಪಲ್ಲೆ ತಿಂಗಳೊಳಗೆ ಕೈಗೆ ಬರುತ್ತದೆ, ಹೆಸರು ಎರಡು ಎರಡೂವರೆ ತಿಂಗಳಿಗೆ, ತೊಗರಿ ಐದಾರು ತಿಂಗಳಿಗೆ. ಒಂದು ಮಳೆ ಕೈಕೊಟ್ಟರೂ ಎಲ್ಲವೂ ಒಮ್ಮೆಲೇ ಹೋಗುವುದಿಲ್ಲ. ಕಾಳಿನ ಬೆಳೆಗಳ ಬೇರು ಭೂಮಿಗೆ ಸಾರಜನಕವನ್ನೂ ಕೂಡಿಸುತ್ತದೆ.

“ಕಬ್ಬು ರೊಕ್ಕ ಕೊಡುತ್ತದೆ, ಪಲ್ಲೆ ಏನು ಕೊಡುತ್ತದೆ ಬಾಯಾರೆ?” ಎಂದು ಪಾಲಕರು ನಮ್ಮನ್ನು ಕೇಳುವುದುಂಟು. ಪ್ರಶ್ನೆ ಸರಿಯಾದದ್ದೇ. ಸಾಲ, ಮದುವೆ, ಮಕ್ಕಳ ಓದು ಎಲ್ಲಕ್ಕೂ ರೊಕ್ಕ ಬೇಕು. ಇಡೀ ಹೊಲದ ಪೈರು ಬದಲಿಸಿರೆಂದು ನಾವು ಹೇಳುತ್ತಿಲ್ಲ. ಕಬ್ಬಿನ ರೊಕ್ಕ ವರ್ಷಕ್ಕೊಮ್ಮೆ ಬಂದು ಸಾಲಕ್ಕೆ ಸಲ್ಲುತ್ತದೆ. ತಟ್ಟೆ ಮಾತ್ರ ದಿನಕ್ಕೆರಡು ಬಾರಿ ತುಂಬಬೇಕು. ಸಂತೆಯಲ್ಲಿ ಉಳಿದ ರೊಕ್ಕವನ್ನು ಯಾರೂ ಲೆಕ್ಕ ಬರೆಯುವುದಿಲ್ಲವಾದ್ದರಿಂದ ಅದು ಗಳಿಕೆಯಂತೆ ಕಾಣುವುದಿಲ್ಲ.

ಒಂದು ಎಚ್ಚರಿಕೆಯೂ ಅಗತ್ಯ. ನೀರು ಹೊರುವುದು, ಅಡಿಗೆ, ದನಕರುಗಳ ಮೇಲೆ ಒಂದು ಎಕರೆಯ ದುಡಿಮೆಯನ್ನೂ ಹೇರಿದರೆ ಅದು ಸಬಲೀಕರಣವಲ್ಲ, ಇನ್ನೊಂದು ಹೊರೆ. ನಿರ್ಧಾರ ಅವಳದಾಗಲಿ, ಕೆಲಸ ಎಲ್ಲರದಾಗಲಿ. ಎರಡನೆಯದಾಗಿ, ಬಾಯಿಮಾತಿನಲ್ಲಿ ಕೊಟ್ಟ ಎಕರೆಯನ್ನು ಬಾಯಿಮಾತಿನಲ್ಲೇ ಹಿಂದಕ್ಕೆ ಪಡೆಯಬಹುದು. 2005ರ ಹಿಂದೂ ಉತ್ತರಾಧಿಕಾರ ತಿದ್ದುಪಡಿ ಕಾಯ್ದೆ ಮಗಳಿಗೂ ಮಗನಂತೆಯೇ ಪಿತ್ರಾರ್ಜಿತದಲ್ಲಿ ಹಕ್ಕು ಕೊಟ್ಟಿದೆ. ಪತ್ನಿಯ ಹೆಸರನ್ನು ಸಹಭಾಗಿಯಾಗಿ ಸಾತ್‌ಬಾರಾ ಉತಾರೆಯಲ್ಲಿ ಸೇರಿಸಲು ಮಹಾರಾಷ್ಟ್ರ ಸರ್ಕಾರದ ಲಕ್ಷ್ಮೀಮುಕ್ತಿ ಯೋಜನೆ ಇದೆ. ನಿಮ್ಮೂರಿನ ತಲಾಠಿಯವರನ್ನು ವಿಚಾರಿಸಿರಿ.

ಹಳೆಯ ವಿದ್ಯಾರ್ಥಿಗಳಲ್ಲಿ ಅನೇಕರು ಪುಣೆ, ಸೊಲ್ಲಾಪುರ, ಹೈದರಾಬಾದುಗಳಲ್ಲಿ ನೆಲೆಸಿದ್ದೀರಿ; ಊರಿನ ಹೊಲವನ್ನು ತಾಯಿ, ಅತ್ತಿಗೆ, ತಂಗಿಯರು ನೋಡಿಕೊಳ್ಳುತ್ತಿದ್ದಾರೆ. ಶಾಲೆಗೆ ದೇಣಿಗೆ ಕೊಡಲು ನೀವು ತೋರಿದ ಔದಾರ್ಯಕ್ಕೆ ನಾವು ಋಣಿಗಳು. ಅದರೊಂದಿಗೆ ಇನ್ನೊಂದು ಕೊಡುಗೆಯನ್ನು ಕೇಳುತ್ತೇವೆ. ಬರುವ ಮಿರಗ ಮಳೆಗೆ ಮುನ್ನ ಆ ತಾಯಿಯನ್ನು, ಆ ತಂಗಿಯನ್ನು ಕೂಡಿಸಿಕೊಂಡು, “ಈ ಒಂದು ಎಕರೆಯಲ್ಲಿ ಏನು ಬಿತ್ತೋಣ?” ಎಂದು ಕೇಳಿರಿ. ಅವರು ಹೇಳಿದ್ದನ್ನು ಬಿತ್ತಿರಿ.